ಕಾಲಿಟ್ಟರೆ ಇಳಿಯುವ ದೋಣಿನೆಲ: ಪರೀಕ್ಷೆ, ಕತ್ತರಿಕೆ, ಮರುಜೋಡಣೆ

ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು ಸುಮಾರು 5 ಮೀಟರ್ ಉದ್ದದ, ಔಟ್‌ಬೋರ್ಡ್ ಎಂಜಿನ್ನಿನ ಫೈಬರ್‌ಗ್ಲಾಸ್ ದೋಣಿ. ನೆಲ 12 ಮಿ.ಮೀ. ಪ್ಲೈವುಡ್, ಅದರ ಮೇಲೆ 2 ಮಿ.ಮೀ. ಫೈಬರ್‌ಗ್ಲಾಸ್ ಹೊದಿಕೆ. ನೆಲದಡಿ ಉದ್ದಕ್ಕೆ ಹಾಯ್ದ ತೊಲೆಗಳು, ಅಂದರೆ ಸ್ಟ್ರಿಂಗರ್‌ಗಳು. ಒಂದೊಂದೂ 50 ಮಿ.ಮೀ. ಅಗಲ, ನಡುಗೆರೆಯಿಂದ ನಡುಗೆರೆಗೆ 400 ಮಿ.ಮೀ. ಅಂತರ. ಸ್ಟ್ರಿಂಗರ್‌ಗಳ ನಡುವಿನ ಖಾನೆಗಳಲ್ಲಿ ಪಾಲಿಯುರೆಥೇನ್ ಫೋಮ್ ತುಂಬಿದೆ. ಚಾಲಕನ ಸೀಟಿನ ಮುಂದೆ, ಎರಡು ಅಂಗೈ ಅಗಲದಷ್ಟು ಜಾಗ ಕಾಲಿಟ್ಟರೆ ಒಳಕ್ಕೆ ಇಳಿಯುತ್ತದೆ. ನಿಮ್ಮ ದೋಣಿಯ ಅಳತೆ ಬೇರೆ ಇರಬಹುದು, ಆದರೆ ಕೆಲಸದ ಕ್ರಮ ಇದೇ.

ಎರಡು ಅಂಗೈ ಅಗಲ ಮೆತ್ತಗಾಗಿದ್ದರೆ ಕತ್ತರಿಸಬೇಕಾದ ಜಾಗ ಅದರ ಐದಾರು ಪಟ್ಟಾದರೂ ಇರುತ್ತದೆ. ಪ್ಲೈವುಡ್ಡಿನಲ್ಲಿ ನೀರು ಪದರದಿಂದ ಪದರಕ್ಕೆ ಇಳಿಯುವುದಕ್ಕಿಂತ ಪದರದ ಉದ್ದಕ್ಕೆ ಬೇಗ ಹರಿಯುತ್ತದೆ. ಕಾಲಿಗೆ ಗೊತ್ತಾಗುವ ಹೊತ್ತಿಗೆ ಸುತ್ತಲಿನ ಮರವೂ ಅರ್ಧ ದಾರಿ ಸವೆಸಿರುತ್ತದೆ. ನೀರು ಹೊಕ್ಕ ಜಾಗವಂತೂ ಮೆತ್ತಗಾದ ಜಾಗದಲ್ಲೇ ಇರಬೇಕೆಂದಿಲ್ಲ.

ಮೆತ್ತಗಿರುವುದೆಲ್ಲ ಕುಂಬಲ್ಲ

ನೆಲ ಬಾಗಲು ಕನಿಷ್ಠ ನಾಲ್ಕು ಕಾರಣಗಳಿವೆ. ಪ್ಲೈವುಡ್ ಕುಂಬಾಗಿರಬಹುದು, ಅಂದರೆ ತೇವಕ್ಕೆ ಕೊಳೆತಿರಬಹುದು. ಪ್ಲೈವುಡ್ ಗಟ್ಟಿಯಾಗಿದ್ದು ಮೇಲಿನ ಹೊದಿಕೆ ಮಾತ್ರ ಬಿಟ್ಟುಕೊಂಡಿರಬಹುದು. ಎರಡೂ ಸರಿಯಿದ್ದು ನೆಲವೇ ಸ್ಟ್ರಿಂಗರ್‌ನಿಂದ ಕಿತ್ತುಕೊಂಡಿರಬಹುದು. ಇಲ್ಲವೇ ಸ್ಟ್ರಿಂಗರೇ ಹೋಗಿರಬಹುದು. ಮೊದಲಿನದಾದರೆ ಇಳಿತ ಎರಡು ಸ್ಟ್ರಿಂಗರ್‌ಗಳ ನಡುವೆ ಇದ್ದು, ಕಾಲೆತ್ತಿದರೂ ಸೋಮಾರಿಯಂತೆ ನಿಧಾನವಾಗಿ ಮೇಲೇಳುತ್ತದೆ. ಹೊದಿಕೆ ಬಿಟ್ಟುಕೊಂಡಿದ್ದರೆ ಒತ್ತಿದಾಗ ಟಕ್ಕೆಂದು ಕೂತು ಬಿಟ್ಟಾಗ ಟಕ್ಕೆಂದು ಏಳುತ್ತದೆ. ಸ್ಟ್ರಿಂಗರ್‌ನಿಂದ ಕಿತ್ತಿದ್ದರೆ ಕಿರುಗುಟ್ಟುವ ಸದ್ದು ಬರುತ್ತದೆ, ಅದೂ ಒಂದೇ ನೇರ ಗೆರೆಯ ಮೇಲೆ. ನಾಲ್ಕನೆಯದರಲ್ಲಿ ಇಳಿತ ಸ್ಟ್ರಿಂಗರ್ ಗೆರೆಯ ಮೇಲೇ ಕಾಣುತ್ತದೆ. ಹಾಗೆ ಕಂಡರೆ ಇದು ನೆಲದ ಕೆಲಸವಲ್ಲ, ಒಡಲಿನ, ಅಂದರೆ ದೋಣಿಯ ಹೊರಚಿಪ್ಪಿನ ಕೆಲಸ. ದೋಣಿಯನ್ನು ಸರಿಯಾದ ಆನಿಕೆಗಳ ಮೇಲೆ ಕೂರಿಸುವವರೆಗೆ ಏನನ್ನೂ ಕತ್ತರಿಸಬಾರದು.

ಕೆಲವು ದೋಣಿಗಳ ನೆಲ ಹುಟ್ಟಿನಿಂದಲೇ ತೆಳ್ಳಗಿರುತ್ತದೆ. ಇಡೀ ನೆಲ ಒಂದೇ ಸಮನೆ ಸ್ವಲ್ಪ ಬಾಗಿ, ತಟ್ಟಿದರೆ ಎಲ್ಲ ಕಡೆ ಒಂದೇ ಸದ್ದು ಬಂದರೆ ರೋಗ ಹುಡುಕುವುದು ವ್ಯರ್ಥ.

ಅನುಮಾನವನ್ನು ಅಳತೆಗೆ ತರಲು ಒಂದು ಮೀಟರಿನ ಮಟ್ಟಗೋಲು ಸಾಕು. ಎರಡು ತುದಿಗೂ ಒಂದೇ ಎತ್ತರದ ಮರದ ತುಂಡು ಕೊಟ್ಟು ಗೋಲನ್ನು ಅಡ್ಡಕ್ಕೆ ಇಡಿ. ತುಂಡುಗಳು ಸ್ಟ್ರಿಂಗರ್‌ಗಳ ಮೇಲೆ ಕೂರಬೇಕು. ಒಬ್ಬರು ಹಿಮ್ಮಡಿ ಊರಿ ನಿಲ್ಲಲಿ, ಇನ್ನೊಬ್ಬರು ಗೋಲಿಗೂ ನೆಲಕ್ಕೂ ನಡುವಿನ ಅಂತರವನ್ನು ಉಕ್ಕಿನ ಪಟ್ಟಿಯಿಂದ ಅಳೆಯಲಿ. ಅದೇ ವ್ಯಕ್ತಿ ದೋಣಿಯ ಎದುರು ಬದಿಯ ಅದೇ ಜಾಗದಲ್ಲಿ ನಿಂತಾಗಲೂ ಅಳೆಯಿರಿ. ಒಂದು ಬದಿ 1 ಮಿ.ಮೀ. ಇಳಿದು ಇನ್ನೊಂದು ಬದಿ 4 ಮಿ.ಮೀ. ಇಳಿದರೆ ಮಾತು ಮುಗಿಯಿತು. ಈ ಅಂಕಿಗಳನ್ನು ಬರೆದಿಟ್ಟುಕೊಳ್ಳಿ, ಕೆಲಸ ಮುಗಿದ ಮೇಲೂ ಬೇಕಾಗುತ್ತವೆ.

ನಂತರ ತಟ್ಟುವ ಸರದಿ. ಸ್ಕ್ರೂಡ್ರೈವರ್‌ನ ಪ್ಲಾಸ್ಟಿಕ್ ಹಿಡಿ ಒಳ್ಳೆಯದು, ಕಬ್ಬಿಣದ ಸುತ್ತಿಗೆ ಎಲ್ಲಕ್ಕೂ ಒಂದೇ ಸದ್ದು ಕೊಡುತ್ತದೆ. ಮಾಸ್ಕಿಂಗ್ ಟೇಪಿನಿಂದ ನೆಲದ ಮೇಲೆ 100 ಮಿ.ಮೀ. ಚೌಕಗಳನ್ನು ಎಳೆದು ಒಂದೊಂದನ್ನೇ ತಟ್ಟಿ. ಗಟ್ಟಿ ಜಾಗ ಟಣ್ಣೆನ್ನುತ್ತದೆ, ಕುಂಬಾದದ್ದು ಒದ್ದೆ ಮೂಟೆ ತಟ್ಟಿದ ಹಾಗೆ ಧಪ್ಪೆನ್ನುತ್ತದೆ, ಹೊದಿಕೆ ಬಿಟ್ಟ ಜಾಗ ಡಬ್ಬಿಯ ಹಾಗೆ ಪೊಳ್ಳು ಸದ್ದು ಮಾಡುತ್ತದೆ. ಸ್ಟ್ರಿಂಗರ್ ಮೇಲೆ ಮತ್ತು ಫೋಮ್ ತುಂಬಿದ ಖಾನೆಯ ಮೇಲೆ ಸದ್ದು ಸಹಜವಾಗಿಯೇ ಬೇರೆ ಇರುತ್ತದೆ. ಆದ್ದರಿಂದ ಹೋಲಿಸುವಾಗ ಖಾನೆಗೆ ಖಾನೆಯನ್ನೇ, ಸ್ಟ್ರಿಂಗರಿಗೆ ಸ್ಟ್ರಿಂಗರನ್ನೇ ಹೋಲಿಸಬೇಕು.

ತೇವಮಾಪಕದಲ್ಲಿ ಎರಡು ಬಗೆ. ಮುಳ್ಳಿಲ್ಲದ ಮಾಪಕ ಹೊದಿಕೆಯ ಮೇಲಿಂದಲೇ ಓದುತ್ತದೆ. ಆದರೆ ಕೆಳಗೆ ಲೋಹದ ಟ್ಯಾಂಕ್ ಇದ್ದರೆ, ಉಪ್ಪಿನಂಶ ಇದ್ದರೆ ಸುಳ್ಳು ಹೇಳುತ್ತದೆ. ಅದರ ಅಂಕಿಗೆ ಬೆಲೆ ಇಲ್ಲ, ಪಕ್ಕದ ಚೌಕಕ್ಕಿಂತ ಹೆಚ್ಚೋ ಕಡಿಮೆಯೋ ಎನ್ನುವುದಕ್ಕೆ ಮಾತ್ರ ಬೆಲೆ. ಮುಳ್ಳಿನ ಮಾಪಕಕ್ಕೆ ಮರವೇ ಸಿಗಬೇಕು. ಮರದ ತೇವ ಶೇ. 20ರ ಕೆಳಗಿದ್ದರೆ ಕುಂಬು ತರುವ ಶಿಲೀಂಧ್ರ ಬೆಳೆಯುವುದಿಲ್ಲ. ಶೇ. 28-30 ದಾಟಿದರೆ ಅದಕ್ಕೆ ಹಬ್ಬ.

ಕೊನೆಯ ತೀರ್ಪು ಕೊರೆದ ಪುಡಿಯದು. 6 ಮಿ.ಮೀ. ಡ್ರಿಲ್ ಬಿಟ್ಟಿಗೆ 13 ಮಿ.ಮೀ. ಆಳದಲ್ಲಿ ಟೇಪ್ ಸುತ್ತಿ. ಹೊದಿಕೆ 2, ಪ್ಲೈವುಡ್ 12, ಒಟ್ಟು 14. ಒಂದು ಮಿಲಿಮೀಟರ್ ಬಿಡುವುದು ಕೆಳಗೆ ಏನಿದೆಯೋ ಅದನ್ನು ಕಾಪಾಡಲು. ನಿಧಾನ ವೇಗದಲ್ಲಿ ಕೊರೆದು ಪುಡಿಯನ್ನು ಬಿಳಿ ಕಾಗದದ ಮೇಲೆ ಹಿಡಿಯಿರಿ. ತಿಳಿ ಬಣ್ಣದ, ಸುರುಳಿಯಾಗಿ ಬರುವ ಒಣ ಪುಡಿ ಒಳ್ಳೆಯ ಮರದ್ದು. ಕಡುಕಂದು ಬಣ್ಣದ್ದು, ಬೆರಳಲ್ಲಿ ಉಜ್ಜಿದರೆ ಮೆತ್ತಿಕೊಳ್ಳುವಂಥದ್ದು, ಮುಗ್ಗಲು ವಾಸನೆಯದ್ದು ಕುಂಬು. ಮೆತ್ತಗಿನ ನಡುವಿನಿಂದ ಹೊರಕ್ಕೆ ನಾಲ್ಕು ದಿಕ್ಕಿಗೂ 150 ಮಿ.ಮೀ. ಅಂತರದಲ್ಲಿ ತೂತು ಹಾಕುತ್ತ ಹೋಗಿ, ಒಣ ಪುಡಿ ಸಿಕ್ಕಲ್ಲಿ ನಿಲ್ಲಿಸಿ. ಒಳ್ಳೆಯ ಜಾಗದಲ್ಲಿ ಬಿದ್ದ ತೂತುಗಳನ್ನು ಆಮೇಲೆ ಎಪಾಕ್ಸಿಯಿಂದ, ಅಂದರೆ ರೆಸಿನ್ ಮತ್ತು ಹಾರ್ಡನರ್ ಎಂಬ ಎರಡು ದ್ರವ ಬೆರೆಸಿದರೆ ಕಲ್ಲಿನಂತೆ ಕಟ್ಟುವ ಅಂಟಿನಿಂದ, ಮುಚ್ಚಿದರಾಯಿತು. ಒಳ್ಳೆಯ ನೆಲ ಹಾಳಾದೀತೆಂದು ಹಿಂಜರಿದು ತೂತು ಹಾಕದವರೇ ಕುಂಬಿನ ಮೇಲೆ ಹೊಸ ಹಲಗೆಯ ಅಂಚು ಕೂರಿಸುವುದು.

ತೂತುಗಳಿಂದ ತೆಳು ಎಪಾಕ್ಸಿ ತುಂಬಿ ಗಟ್ಟಿ ಮಾಡುವ ಉಪಾಯದ ಬಗ್ಗೆ ಒಂದು ಮಾತು. ಪ್ಲೈವುಡ್ ಒಣಗಿದ್ದು ಹೊದಿಕೆ ಮಾತ್ರ ಬಿಟ್ಟಿದ್ದರೆ ಅದು ಸರಿಯಾದ ಚಿಕಿತ್ಸೆ. 50 ಮಿ.ಮೀ. ಅಂತರದಲ್ಲಿ ಹೊದಿಕೆಗೆ ಮಾತ್ರ ತೂತು ಹಾಕಿ, ಪಕ್ಕದ ತೂತಿನಲ್ಲಿ ಉಕ್ಕುವವರೆಗೆ ಸಿರಿಂಜಿನಲ್ಲಿ ತುಂಬಿ, ಮೇಲೆ ಭಾರ ಹೇರಬೇಕು. ಕುಂಬಾದ ಮರಕ್ಕೆ ಇದು ನಡೆಯದು. ಮರದ ರಂಧ್ರಗಳಲ್ಲಿ ನೀರು ಕೂತಿರುವಾಗ ರೆಸಿನ್ ಹೋಗುವುದಾದರೂ ಎಲ್ಲಿಗೆ? ಅಲ್ಲಲ್ಲಿ ಗಟ್ಟಿ ಗಡ್ಡೆ, ನಡುವೆ ಮೊದಲಿನದೇ ಒದ್ದೆ ಕುಂಬು ಉಳಿಯುತ್ತದೆ.

ನೀರು ಎಲ್ಲಿಂದ ಬಂತು

ಕತ್ತರಿಸುವ ಮೊದಲೇ ಇದನ್ನು ಹುಡುಕಬೇಕು. ಕತ್ತರಿಸಿದ ಮೇಲೆ ಸುಳಿವುಗಳು ಕಸದ ಚೀಲ ಸೇರುತ್ತವೆ. ಮೊದಲ ಅನುಮಾನ ಸೀಟಿನ ಬುಡದ ಸ್ಕ್ರೂಗಳ ಮೇಲೆ. ಕೂತವರ ಭಾರಕ್ಕೆ ಬುಡ ಅಲುಗಾಡುತ್ತ ಸೀಲಂಟ್ ಹರಿಯುತ್ತದೆ, ಬರಿ ಮರಕ್ಕೆ ಕೊರೆದ ತೂತು ನೀರು ಕುಡಿಯುತ್ತದೆ. ಒಂದೊಂದು ಸ್ಕ್ರೂ ಬಿಚ್ಚಿ ನೋಡಿ. ಎಳೆಗೆ ಕಪ್ಪು ಮರದ ಪುಡಿ ಅಂಟಿದ್ದರೆ, ಹಿಡಿತವಿಲ್ಲದೆ ಸುಮ್ಮನೆ ತಿರುಗಿದರೆ ಅದೇ ದಾರಿ. ನಂತರ ನೆಲದ ಮುಚ್ಚಳಗಳ ಅಂಚು, ಪೈಪು-ತಂತಿ ಇಳಿದ ತೂತುಗಳು, ಮೇಲಂಚಿನ ರಬ್ಬರ್ ಪಟ್ಟಿಯ ಜೋಡಣೆ, ಹಿಂಗೋಡೆಯಲ್ಲಿ ನೀರು ಹೊರಬಿಡುವ ಬಿರಡೆಯ ತೂತು. ಕೊನೆಯದರ ಒಳಸುತ್ತಿನ ಮರಕ್ಕೆ ರೆಸಿನ್ ಹಚ್ಚದೆ ಬಿಟ್ಟ ದೋಣಿಗಳು ಲೆಕ್ಕವಿಲ್ಲದಷ್ಟಿವೆ.

ಮಳೆಯ ಸಿಹಿನೀರು ಉಪ್ಪುನೀರಿಗಿಂತ ಕೆಟ್ಟದ್ದು, ಏಕೆಂದರೆ ಉಪ್ಪು ಶಿಲೀಂಧ್ರವನ್ನು ತಡೆಯುತ್ತದೆ. ಸದಾ ನೀರಲ್ಲಿ ಮುಳುಗಿರುವ ಮರ ಗಾಳಿಯಿಲ್ಲದೆ ನಿಧಾನವಾಗಿ ಹಾಳಾಗುತ್ತದೆ. ತೇವವೂ ಗಾಳಿಯೂ ಬಿಸುಪೂ ಒಟ್ಟಿಗೆ ಸಿಗುವ ನೆಲದಡಿಯ ಖಾನೆಯೇ ಕುಂಬಿಗೆ ಹೇಳಿಮಾಡಿಸಿದ ಜಾಗ. ನೀರಲ್ಲಿ ಓಡುವ ದೋಣಿಗಿಂತ ಬಿರಡೆ ತೆಗೆಯದೆ, ಮೂತಿ ಎತ್ತದೆ ದಡದಲ್ಲಿ ನಿಲ್ಲಿಸಿದ ದೋಣಿಯ ನೆಲ ಬೇಗ ಹೋಗುವುದು ಇದಕ್ಕೇ.

ಕತ್ತರಿಸುವುದು

ಬ್ಯಾಟರಿ ಕಳಚಿ. ನೆಲದಡಿ ಪೆಟ್ರೋಲ್ ಟ್ಯಾಂಕ್ ಇದೆಯೇ, ಇಂಧನದ ಪೈಪು, ಸ್ಟೀರಿಂಗ್ ಕೇಬಲ್, ವಿದ್ಯುತ್ ತಂತಿ ಎಲ್ಲಿ ಹೋಗಿವೆ ಎಂದು ತಿಳಿದುಕೊಳ್ಳಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದ ಗುಂಡಿಯಲ್ಲಿ ಮಡುಗಟ್ಟುತ್ತದೆ. ಟ್ಯಾಂಕ್ ಖಾಲಿ ಮಾಡಿದರೆ ಸಾಲದು, ಆವಿ ತುಂಬಿದ ಖಾಲಿ ಟ್ಯಾಂಕ್ ಇನ್ನೂ ಅಪಾಯ. ವಾಸನೆ ಇದ್ದಷ್ಟು ಹೊತ್ತು ಯಾವ ವಿದ್ಯುತ್ ಉಪಕರಣವೂ ಒಳಗೆ ಇಳಿಯಬಾರದು. ಗಾಜಿನ ದೂಳಿಗೆ ಪಿ100 ಫಿಲ್ಟರ್, ಪಾಲಿಯೆಸ್ಟರ್ ರೆಸಿನ್ ಬಳಸುವುದಾದರೆ ಸಾವಯವ ಆವಿಯ ಕಾರ್ಟ್ರಿಜ್ ಇರುವ ಮುಖವಾಡ, ಕಣ್ಣಿಗೆ ಮುಚ್ಚುಕನ್ನಡಕ, ಉದ್ದತೋಳಿನ ಅಂಗಿ ಬೇಕು.

ಕತ್ತರಿಸುವ ಗೆರೆಯನ್ನು ಕುಂಬಿನ ಅಂಚಿನಿಂದ ಕನಿಷ್ಠ 100 ಮಿ.ಮೀ. ಒಳ್ಳೆಯ ಮರದೊಳಕ್ಕೆ ಎಳೆಯಬೇಕು. ಉದ್ದದ ಅಂಚುಗಳು ಸ್ಟ್ರಿಂಗರ್‌ಗಳ ನಡುಗೆರೆಯ ಮೇಲೇ ಬರಬೇಕು. ಹಾಗಿದ್ದರೆ 50 ಮಿ.ಮೀ. ಅಗಲದಲ್ಲಿ ಹಳೆಯ ಹಲಗೆಗೆ 25, ಹೊಸದಕ್ಕೆ 25 ಆನಿಕೆ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ ಕುಂಬು ಸುಮಾರು 600 × 750 ಮಿ.ಮೀ. ಹರಡಿದೆ. ಎರಡು ಖಾನೆಗಳನ್ನು ಪೂರ್ತಿ ತೆರೆಯುವಂತೆ 800 × 1000 ಮಿ.ಮೀ. ಗುರುತು ಹಾಕಬೇಕು. ನಡುವೆ ಒಂದು ಸ್ಟ್ರಿಂಗರ್ ಪೂರ್ತಿ ಕಾಣುತ್ತದೆ, ಅಂಚಿನ ಎರಡು ಅರ್ಧರ್ಧ.

ವೃತ್ತಾಕಾರದ ಗರಗಸಕ್ಕೆ ಕಾರ್ಬೈಡ್ ಇಲ್ಲವೇ ಡೈಮಂಡ್ ಬ್ಲೇಡ್ ಹಾಕಿ ಆಳ 13 ಮಿ.ಮೀ.ಗೆ ಕಟ್ಟಿ. ಉಳಿದ ಒಂದು ಮಿಲಿಮೀಟರನ್ನು ಉಳಿ ಬಿಡಿಸಿಕೊಡುತ್ತದೆ. ಆಳ ಹೆಚ್ಚಾದರೆ ಸ್ಟ್ರಿಂಗರ್‌ನ ತಲೆಯ ಮೇಲಿನ ಫೈಬರ್‌ಗ್ಲಾಸ್ ಸೀಳಿ, ಈವರೆಗೆ ಒಣಗಿದ್ದ ತೊಲೆಗೆ ಹೊಸ ಬಾಯಿ ತೆರೆದಂತಾಗುತ್ತದೆ. ಮೂಲೆಗಳಿಗೆ ಮಲ್ಟಿಟೂಲ್ ಬಳಸಿ, ಮೂಲೆಯನ್ನು 40-50 ಮಿ.ಮೀ. ತ್ರಿಜ್ಯಕ್ಕೆ ದುಂಡು ಮಾಡಿ. ಚೂಪು ಮೂಲೆಯಿಂದಲೇ ಮುಂದೆ ಬಿರುಕು ಹೊರಡುತ್ತದೆ.

ಹಲಗೆ ತುಂಡು ತುಂಡಾಗಿ ಬಂದರೂ ಅಡಿಭಾಗವನ್ನು ಬಿಸಾಡುವ ಮುನ್ನ ತಿರುಗಿಸಿ ನೋಡಿ. ಕಪ್ಪು ಕಲೆ ಒಂದು ಸ್ಕ್ರೂ ತೂತಿನಿಂದ ಬೀಸಣಿಗೆಯಂತೆ ಹರಡಿದ್ದರೆ ನೀರು ಮೇಲಿನಿಂದ ಬಂದದ್ದು. ಇಡೀ ಅಡಿ ಒಂದೇ ಸಮ ಕಪ್ಪಾಗಿದ್ದರೆ ಅದು ಕೆಳಗಿನ ಹಬೆಯ ಕೆಲಸ. ಒದ್ದೆ ಫೋಮ್ ಮತ್ತು ರೆಸಿನ್ ಹಚ್ಚದ ಅಡಿಮೈ ಎರಡೂ ಸೇರಿದಾಗ ಹಾಗಾಗುತ್ತದೆ. ಬಹಳಷ್ಟು ದೋಣಿಗಳಲ್ಲಿ ಮೇಲ್ಮೈಗೆ ಎಷ್ಟೇ ಹೊದಿಕೆ ಇದ್ದರೂ ಅಡಿಮೈ ಬರಿಮೈ. ಎಷ್ಟೋ ದುರಸ್ತಿಗಳು ಕೆಲವೇ ವರ್ಷಗಳಲ್ಲಿ ಮತ್ತೆ ಮೆತ್ತಗಾಗುವುದೂ ಅದನ್ನೇ ಪುನಃ ಮಾಡಿದ್ದರಿಂದ.

ಫೋಮ್ ಮತ್ತು ಸ್ಟ್ರಿಂಗರ್

ಫೋಮ್ ಕೈಗೆ ಒಣಗಿದಂತೆ ಕಂಡರೆ ನಂಬಬೇಡಿ, ತೂಗಿ. ಖಾನೆಯ ತಳದಿಂದ 100 ಮಿ.ಮೀ. ಘನವೊಂದನ್ನು ಚಾಕುವಿನಿಂದ ಕತ್ತರಿಸಿ. ಅದು ಸರಿಯಾಗಿ ಒಂದು ಲೀಟರ್. ಘನಮೀಟರಿಗೆ 32 ಕೆ.ಜಿ. ಸಾಂದ್ರತೆಯ ಸಾಮಾನ್ಯ ತೇಲುಫೋಮ್ ಆದರೆ 32 ಗ್ರಾಂ ತೂಗಬೇಕು. 200 ಗ್ರಾಂ ತೂಗಿದರೆ ಉಳಿದ 168 ಗ್ರಾಂ ನೀರು. ಅಂಥ 300 ಲೀಟರ್ ಫೋಮ್ ದೋಣಿಯಲ್ಲಿದ್ದರೆ ಸುಮಾರು 50 ಕೆ.ಜಿ. ನೀರನ್ನು ಹೊತ್ತು ತಿರುಗಿದ ಹಾಗೆ. ಒದ್ದೆ ಫೋಮ್ ತಾನಾಗಿ ಒಣಗುವುದಿಲ್ಲ, ಫ್ಯಾನ್ ಹಾಕಿದರೆ ಮೇಲಿನ ಬೆರಳಗಲ ಒಣಗೀತು ಅಷ್ಟೆ. ತಳದವರೆಗೆ ಕಿತ್ತು ತೆಗೆಯುವುದೊಂದೇ ದಾರಿ. ಒಡಲಿನ ಹತ್ತಿರ ಬಂದಾಗ ಗುದ್ದಲಿ-ಸಲಿಕೆ ಬಿಟ್ಟು ಪ್ಲಾಸ್ಟಿಕ್ ಕೆರೆಯುವ ಪಟ್ಟಿ ಹಿಡಿಯಿರಿ.

ನಡುವಿನ ಸ್ಟ್ರಿಂಗರ್ ಈಗ ಬಯಲಾಗಿದೆ. ಮೇಲಿನಿಂದ ದಬ್ಬಳ ಚುಚ್ಚಿದರೆ ಗಟ್ಟಿ ಎನಿಸಬಹುದು, ಆದರೆ ತೊಲೆ ಕುಂಬಾಗುವುದು ಬುಡದಿಂದ. ನೀರು ಹಾಯಲು ಬುಡದಲ್ಲಿ ಕೊರೆದ ಕಂಡಿಗಳ ಒಳಮೈಗೆ ರೆಸಿನ್ ಹಚ್ಚಿರುವುದಿಲ್ಲ. ತಳದಿಂದ 25 ಮಿ.ಮೀ. ಎತ್ತರದಲ್ಲಿ, ಬದಿಯಿಂದ, 6 ಮಿ.ಮೀ. ತೂತು ಹಾಕಿ. ನೀರು ತೊಟ್ಟಿಕ್ಕಿದರೆ ಕೆಲಸ ದೊಡ್ಡದು: ಒಡಲಿಗೆ ಉದ್ದಕ್ಕೂ ಆನಿಕೆ ಕೊಟ್ಟು, ಒಂದು ಬಾರಿಗೆ ಒಂದೇ ಸ್ಟ್ರಿಂಗರ್ ಬದಲಿಸಬೇಕು. ಎಲ್ಲವನ್ನೂ ಒಟ್ಟಿಗೆ ಕಿತ್ತರೆ ಒಡಲು ಆಕಾರ ಬಿಡುತ್ತದೆ. ಒಣ ತಿಳಿ ಪುಡಿ ಬಂದರೆ ತೂತು ಮುಚ್ಚಿ ಮುಂದುವರಿಯಿರಿ.

ಸಾಮಾನ್ಯವಾಗಿ ಸಿಗುವುದು ಇವೆರಡರ ನಡುವಿನದು: ನೆಲದ ಸ್ಕ್ರೂಗಳು ಹೊಕ್ಕ ತಲೆಯ ಭಾಗ ಮಾತ್ರ 20 ಮಿ.ಮೀ. ಆಳ, 300 ಮಿ.ಮೀ. ಉದ್ದ ಹಾಳಾಗಿರುತ್ತದೆ. ಅಷ್ಟನ್ನು ಒಳ್ಳೆಯ ಮರದವರೆಗೆ ಕೆತ್ತಿ, ಎರಡೂ ತುದಿಗೆ ಒಂದಕ್ಕೆ ಎಂಟರ ಇಳಿಜಾರು ಕೊಡಬೇಕು, ಅಂದರೆ 20 ಮಿ.ಮೀ. ಆಳಕ್ಕೆ 160 ಮಿ.ಮೀ. ಉದ್ದ. ಅದೇ ಆಕಾರದ ಒಣ ಮರವನ್ನು ಗಟ್ಟಿ ಎಪಾಕ್ಸಿಯಲ್ಲಿ (ಪುಡಿ ಬೆರೆಸಿ ಪುಟ್ಟಿಯಂತೆ ಮಾಡಿದ್ದು) ಕೂರಿಸಿ, ಮೇಲೆ ಎರಡು ಪದರ ಬೈಯಾಕ್ಸಿಯಲ್ ಬಟ್ಟೆಯನ್ನು (ಎರಡು ದಿಕ್ಕಿಗೆ ಎಳೆ ಹಾಯ್ದ ಗಾಜಿನ ಬಟ್ಟೆ) ಎರಡೂ ಬದಿಗೆ 75 ಮಿ.ಮೀ. ಇಳಿಬಿಟ್ಟು ಹೊದಿಸಬೇಕು.

ಇನ್ನು ಒಣಗಿಸುವುದು. ಉಳಿದ ಹಲಗೆಯ ಅಂಚು, ಸ್ಟ್ರಿಂಗರ್‌ನ ಬಯಲಾದ ಮರ ಎರಡೂ ಮುಳ್ಳಿನ ಮಾಪಕದಲ್ಲಿ ಶೇ. 15ರ ಒಳಗೆ ಬರಬೇಕು, 12 ಬಂದರೆ ಇನ್ನೂ ಒಳ್ಳೆಯದು. ಫ್ಯಾನ್ ಮತ್ತು ತೇವ ಹೀರುವ ಯಂತ್ರ ಇಟ್ಟರೂ ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಅಸಿಟೋನ್ ಒರೆಸಿ ಒಣಗಿಸಿದೆವು ಎನ್ನುವುದು ಭ್ರಮೆ, ಅದು ಮೇಲ್ಮೈಯಿಂದ ಹಾರಿಹೋಗುತ್ತದೆ, ಒಳಗಿನ ನೀರು ಒಳಗೇ ಇರುತ್ತದೆ. ಮಾಪಕ ಇಲ್ಲದಿದ್ದರೆ ಮರದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ನಾಲ್ಕೂ ಅಂಚನ್ನು ಟೇಪಿನಿಂದ ಮುಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಒಳಗೆ ಹನಿ ಕಟ್ಟಿದ್ದರೆ ಕಾಯಿರಿ. ಇಡೀ ಕೆಲಸದಲ್ಲಿ ಜನ ತಾಳ್ಮೆಗೆಡುವ ಜಾಗ ಇದೇ.

ಹೊಸ ಫೋಮ್ ಹಾಕದೆ ಬಿಡುವ ಆಸೆ ಬೇಡ. ದೋಣಿಯಲ್ಲಿ ನೀರು ತುಂಬಿದರೂ ತೇಲಿಸಿ ಇಡುವುದು ಅದೇ. ಸುರಿಯುವ ಫೋಮಿನ ಎರಡು ದ್ರವಗಳನ್ನು ಡಬ್ಬಿಯ ಮೇಲೆ ಹೇಳಿದ ಅನುಪಾತದಲ್ಲಿ, ಸಾಮಾನ್ಯವಾಗಿ ಸಮಸಮ, ಬೆರೆಸಿ ಕೂಡಲೇ ಸುರಿಯಬೇಕು. ನೆಲ ತೆರೆದಿರುವಾಗಲೇ ಸ್ವಲ್ಪ ಸ್ವಲ್ಪವಾಗಿ ಸುರಿದು, ಉಬ್ಬಿದ್ದನ್ನು ಗರಗಸದಿಂದ ಕೊಯ್ದು ಸ್ಟ್ರಿಂಗರ್ ತಲೆಯಿಂದ 5 ಮಿ.ಮೀ. ಕೆಳಗೆ ಮಟ್ಟ ಮಾಡಿ. ಮುಚ್ಚಿದ ಖಾನೆಗೆ ತೂತಿನಿಂದ ಸುರಿದರೆ ಅದರ ಒತ್ತಡಕ್ಕೆ ಹೊಸ ನೆಲವೇ ಉಬ್ಬೀತು. ಸುರಿಯುವ ಮುನ್ನ ಖಾನೆಯ ಅತಿ ತಗ್ಗಿನ ಗೆರೆಯಲ್ಲಿ 25 ಮಿ.ಮೀ. ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಬೋರಲು ಹಾಕಿ, ನೀರು ಹಿಂದಕ್ಕೆ ಹರಿದುಹೋಗಲು ಅದೇ ದಾರಿ. ಪ್ಯಾಕಿಂಗಿನ ಬಿಳಿ ಪಾಲಿಸ್ಟೈರೀನ್ ತುಂಬಬೇಡಿ, ಪೆಟ್ರೋಲ್ ತಾಗಿದರೆ ಕರಗುತ್ತದೆ.

ಹಲಗೆ ಮತ್ತು ರೆಸಿನ್ನಿನ ಲೆಕ್ಕ

ಪ್ಲೈವುಡ್ ಮರೀನ್ ದರ್ಜೆಯದಾಗಿರಬೇಕು. ಬ್ರಿಟಿಷ್ ಮಾನಕ ಬಿಎಸ್ 1088 ಅಥವಾ ಭಾರತೀಯ ಮಾನಕ ಐಎಸ್ 710ರ ಮುದ್ರೆ ನೋಡಿ. ಅಂಟು ಕುದಿಯುವ ನೀರಿಗೂ ಬಿಡದಂಥದ್ದು ಎನ್ನುವುದು ಅರ್ಧ ಮಾತು, ಒಳಪದರಗಳಲ್ಲಿ ಪೊಳ್ಳು ಇರಬಾರದು ಎನ್ನುವುದು ಉಳಿದರ್ಧ. ಪೊಳ್ಳಿನಲ್ಲಿ ನೀರು ನಿಲ್ಲುತ್ತದೆ. ತಾಮ್ರದ ರಸಾಯನ ಕುಡಿಸಿದ ಹಲಗೆಯನ್ನು ಅಲ್ಯೂಮಿನಿಯಂ ದೋಣಿಗೆ ಹಾಕಲೇಬಾರದು, ತಾಮ್ರ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಹಲಗೆಯ ಮೇಲ್ಪದರದ ಎಳೆ ಸ್ಟ್ರಿಂಗರ್‌ಗಳಿಗೆ ಅಡ್ಡವಾಗಿ ಓಡಬೇಕು. ಉದ್ದಕ್ಕೆ ಹಾಕಿದರೆ ಅದೇ ದಪ್ಪದ ಹಲಗೆ ಹೆಚ್ಚು ಬಾಗುತ್ತದೆ.

ಸುತ್ತ 3 ಮಿ.ಮೀ. ಸಂದು ಬಿಟ್ಟು 794 × 994 ಮಿ.ಮೀ. ಕತ್ತರಿಸಿ. ಅಡ್ಡ ಅಂಚುಗಳ ಕೆಳಗೆ ಸ್ಟ್ರಿಂಗರ್ ಇಲ್ಲ, ಅಲ್ಲಿ ಆನಿಕೆಪಟ್ಟಿ ಬೇಕು: ಅದೇ ಪ್ಲೈವುಡ್ಡಿನ 100 ಮಿ.ಮೀ. ಅಗಲ, 345 ಮಿ.ಮೀ. ಉದ್ದದ ನಾಲ್ಕು ತುಂಡು. ಅರ್ಧ ಅಗಲ ಹಳೆಯ ನೆಲದಡಿಗೆ ತೂರಿ ಅಂಟಿಸಿ, ಉಳಿದ 50 ಮಿ.ಮೀ. ಹೊಸ ಹಲಗೆಗೆ ಚಾಚಿಕೊಂಡಿರಲಿ. ಹಳೆಯ ನೆಲದ ಅಡಿಮೈಯನ್ನು ಅಷ್ಟು ಜಾಗದಲ್ಲಿ ಮೊದಲು ಕೆರೆದು ಬರಿಮರ ಮಾಡಿಕೊಳ್ಳಿ. ಹೊಸ ಹಲಗೆ ಒಡಲಿನ ಬದಿಗೋಡೆಯವರೆಗೂ ಹೋಗುವ ದೋಣಿಗಳಲ್ಲಿ ಅಲ್ಲಿ 5 ಮಿ.ಮೀ. ಸಂದು ಬಿಟ್ಟು, ಗಟ್ಟಿ ಎಪಾಕ್ಸಿಯಿಂದ ದುಂಡು ಮೂಲೆ ತಿದ್ದಿ, 75 ಮಿ.ಮೀ. ಮೇಲಕ್ಕೆ ಬಟ್ಟೆ ಏರಿಸಬೇಕು. ಹಲಗೆಯ ಅಂಚು ನೇರವಾಗಿ ಒಡಲಿಗೆ ಒತ್ತಿದರೆ ಹೊರಗಡೆ ಗೆರೆಗೆರೆಯಾಗಿ ಬಿರುಕು ಕಾಣಿಸುತ್ತದೆ.

ಈ ಕೆಲಸಕ್ಕೆ ಎಪಾಕ್ಸಿಯೇ ಸರಿ. ಪಾಲಿಯೆಸ್ಟರ್ ಅಗ್ಗ, ಬೇಗ ಕಟ್ಟುತ್ತದೆ, ಆದರೆ ಒಣ ಮರಕ್ಕೂ ಹಳೆಯ ಗಟ್ಟಿಯಾದ ಫೈಬರ್‌ಗ್ಲಾಸಿಗೂ ಅದರ ಹಿಡಿತ ಕಡಿಮೆ. ಅದನ್ನೇ ಬಳಸುವುದಾದರೆ ಮೊದಲ ಪದರ ಚದರ ಮೀಟರಿಗೆ 450 ಗ್ರಾಂ ತೂಗುವ ಚಾಪ್ಡ್ ಮ್ಯಾಟ್ (ತುಂಡು ಗಾಜಿನೆಳೆಗಳ ಚಾಪೆ) ಆಗಿರಲಿ, ಒಂದು ಚದರ ಮೀಟರಿಗೆ ಸುಮಾರು 1.1 ಕೆ.ಜಿ. ರೆಸಿನ್ ಕುಡಿಯುತ್ತದೆ. ಪಾಲಿಯೆಸ್ಟರನ್ನು ಕಟ್ಟಿಸುವ ಎಂಇಕೆಪಿ ಎಂಬ ವೇಗವರ್ಧಕ ಶೇ. 1ರಿಂದ 2, ಅಂದರೆ ಒಂದು ಲೀಟರಿಗೆ 10ರಿಂದ 20 ಮಿ.ಲೀ. ಅದು ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ. ಕೋಬಾಲ್ಟ್ ಪ್ರಮೋಟರ್ ಬೇರೆ ಸೀಸೆಯಲ್ಲಿ ಬಂದಿದ್ದರೆ ಅದನ್ನೂ ಎಂಇಕೆಪಿಯನ್ನೂ ನೇರವಾಗಿ ಬೆರೆಸಕೂಡದು, ಸಿಡಿಯುತ್ತದೆ. ಎಪಾಕ್ಸಿಗೆ ಮಾಮೂಲಿ ಮ್ಯಾಟ್ ಬೇಡ. ಅದರ ಎಳೆಗಳನ್ನು ಹಿಡಿದಿರುವ ಬೈಂಡರ್ ಸ್ಟೈರೀನ್‌ನಲ್ಲಿ ಕರಗಲೆಂದು ಮಾಡಿದ್ದು, ಎಪಾಕ್ಸಿಯಲ್ಲಿ ಕರಗದೆ ಬಿಳಿಬಿಳಿಯಾಗಿ ಉಳಿಯುತ್ತದೆ. ಹೊಲಿದ ಬೈಯಾಕ್ಸಿಯಲ್ ಬಟ್ಟೆ ಸಾಕು.

ಈ ತೇಪೆಗೆ ಎಪಾಕ್ಸಿ ಎಷ್ಟು? ಹಲಗೆ, ಅಂಚು, ಆನಿಕೆಪಟ್ಟಿಗಳಿಗೆ ಕುಡಿಸಲು 700 ಗ್ರಾಂ. ಸ್ಟ್ರಿಂಗರ್ ಮತ್ತು ಆನಿಕೆಪಟ್ಟಿಗಳ ಮೇಲಿನ ಹಾಸಿಗೆಗೆ 800. ಸಂದು ತುಂಬಲು 150. ಚದರ ಮೀಟರಿಗೆ 600 ಗ್ರಾಂ ತೂಗುವ ಬೈಯಾಕ್ಸಿಯಲ್ ಎರಡು ಪದರ, ಒಟ್ಟು 1.9 ಚದರ ಮೀಟರ್, ಗಾಜಿನ ತೂಕ 1.13 ಕೆ.ಜಿ. ಅಷ್ಟೇ ತೂಕದ ರೆಸಿನ್ ಬೇಕು, ಕೈಕೆಲಸದ ನಷ್ಟ ಸೇರಿ 1.4 ಕೆ.ಜಿ. ಮೇಲಿನ ಎರಡು ಲೇಪಕ್ಕೆ 350 ಗ್ರಾಂ. ಕೂಡಿದರೆ 3.4 ಕೆ.ಜಿ., ಲೋಟದಲ್ಲಿ ಉಳಿಯುವುದು ಚೆಲ್ಲುವುದು ಸೇರಿ 4. ಐದು ಕೆ.ಜಿ. ತಂದರೆ ಸ್ಟ್ರಿಂಗರ್ ತಲೆಗೂ ಸೀಟಿನ ತೂತುಗಳಿಗೂ ಆಗುತ್ತದೆ.

ಅನುಪಾತದ ವಿಷಯದಲ್ಲಿ ಎಡವುವವರು ಹೆಚ್ಚು. ಅಳತೆಯ ಅನುಪಾತವೂ ತೂಕದ ಅನುಪಾತವೂ ಒಂದೇ ಅಲ್ಲ. ರೆಸಿನ್ನಿನ ಸಾಂದ್ರತೆ 1.15, ಹಾರ್ಡನರ್‌ನದು 0.98 ಇದ್ದರೆ, ಅಳತೆಯಲ್ಲಿ 2:1 ಎನ್ನುವುದು ತೂಕದಲ್ಲಿ 100:43 ಆಗುತ್ತದೆ. ತಕ್ಕಡಿಯಲ್ಲಿ 100:50 ಹಾಕಿದರೆ ತಪ್ಪು. ಹಾರ್ಡನರ್ ಜಾಸ್ತಿ ಹಾಕಿದರೆ ಬೇಗ ಕಟ್ಟುತ್ತದೆ ಎನ್ನುವುದು ಪಾಲಿಯೆಸ್ಟರಿನಿಂದ ಬಂದ ಅಭ್ಯಾಸ. ಎಪಾಕ್ಸಿಯಲ್ಲಿ ಅದು ಎಂದಿಗೂ ಪೂರ್ತಿ ಕಟ್ಟದ ಅಂಟಂಟು ಮೈ ಕೊಡುತ್ತದೆ, ಕೆರೆದು ತೆಗೆಯುವುದೊಂದೇ ಪರಿಹಾರ. ಒಂದು ಬಾರಿಗೆ 300 ಗ್ರಾಮಿಗಿಂತ ಹೆಚ್ಚು ಬೆರೆಸಬೇಡಿ. ಬೆರೆಸಿದ್ದನ್ನು ಕೂಡಲೇ ಅಗಲ ತಟ್ಟೆಗೆ ಸುರಿಯಿರಿ. ಲೋಟದಲ್ಲಿ ಒಟ್ಟಾಗಿದ್ದರೆ ತನ್ನದೇ ಬಿಸಿಗೆ ಹೊಗೆಯಾಡಿ ಕಲ್ಲಾಗುತ್ತದೆ.

ಕುಡಿಸುವುದು, ಕೂರಿಸುವುದು, ಹೊದಿಸುವುದು

ಹಲಗೆಗೆ ಎಪಾಕ್ಸಿ ಹಚ್ಚುವ ಹೊತ್ತು ಸಂಜೆ. ಮರ ಬಿಸಿಯಾಗಿದ್ದು ತಣಿಯುತ್ತಿರುವಾಗ ಅದರೊಳಗಿನ ಗಾಳಿ ಕುಗ್ಗಿ ರೆಸಿನ್ನನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಬೆಳಿಗ್ಗೆ ಹಚ್ಚಿ ಬಿಸಿಲಿಗೆ ಬಿಟ್ಟರೆ ಗಾಳಿ ಹಿಗ್ಗಿ ಸಾವಿರ ಗುಳ್ಳೆಗಳಾಗಿ ಹೊರಬರುತ್ತದೆ, ಒಂದೊಂದು ಗುಳ್ಳೆಯೂ ಒಂದು ತೂತು. ಅಡಿಮೈಗೆ ಮೂರು ಕೋಟು, ಮೇಲ್ಮೈಗೆ ಒಂದು. ಅಂಚುಗಳಿಗೆ ಹೀರುವುದು ನಿಲ್ಲುವವರೆಗೆ, ಏಕೆಂದರೆ ಅಂಚಿನಲ್ಲಿ ಎಳೆಗಳ ಬಾಯಿ ತೆರೆದಿರುತ್ತದೆ. ಹಿಂದಿನ ಕೋಟು ಬೆರಳಿಗೆ ಅಂಟಂಟು ಎನ್ನುವಾಗಲೇ ಮುಂದಿನದು ಹಚ್ಚಿದರೆ ಉಜ್ಜುವ ಕೆಲಸವಿಲ್ಲ. ರಾತ್ರಿ ಕಳೆದಿದ್ದರೆ ಮೇಲೆ ಮೇಣದಂಥ ಪೊರೆ ಬಂದಿರಬಹುದು. ಅದನ್ನು ಮೊದಲು ನೀರು ಮತ್ತು ಒರಟು ಪ್ಯಾಡಿನಿಂದ ತೊಳೆದು, ಆಮೇಲೆ 80ರ ಮರಳುಕಾಗದದಿಂದ ಉಜ್ಜಬೇಕು. ತೊಳೆಯದೆ ಉಜ್ಜಿದರೆ ಪೊರೆಯನ್ನು ಒಳಕ್ಕೆ ಅರೆದಂತಾಗುತ್ತದೆ.

ಆನಿಕೆಪಟ್ಟಿಗಳನ್ನು ಹಿಂದಿನ ದಿನವೇ ಅಂಟಿಸಿ ಕ್ಲಾಂಪ್ ಹಾಕಿರಬೇಕು. ಹಲಗೆ ಕೂರಿಸುವ ದಿನ ಮೊದಲು ಒಣಜೋಡಣೆ ಮಾಡಿ ನೋಡಿ. ಹೊಸ ಪ್ಲೈವುಡ್ಡಿನ ಮೇಲ್ಮೈ ಹಳೆಯ ಪ್ಲೈವುಡ್ಡಿಗೆ ಸಮವಾಗಿ, ಹಳೆಯ ಹೊದಿಕೆಗಿಂತ 2 ಮಿ.ಮೀ. ಕೆಳಗೆ ಇರಬೇಕು. ನಂತರ ತೆಗೆದು, ಸ್ಟ್ರಿಂಗರ್ ತಲೆಗೂ ಹಲಗೆಯ ಅಡಿಗೂ ಬರಿ ಎಪಾಕ್ಸಿ ತೆಳುವಾಗಿ ಸವರಿ. ಕೊಲಾಯ್ಡಲ್ ಸಿಲಿಕಾ ಬೆರೆಸಿ ಗೋಡೆಯ ಪುಟ್ಟಿಯಷ್ಟು ಗಟ್ಟಿ ಮಾಡಿದ ಎಪಾಕ್ಸಿಯನ್ನು ಹಲ್ಲುಕರಣೆಯಿಂದ ಹಾಸಿ. ಹಲಗೆ ಇಟ್ಟು ಒತ್ತಿದಾಗ ಸಂದಿನ ಉದ್ದಕ್ಕೂ ಎಪಾಕ್ಸಿ ಉಕ್ಕಬೇಕು, ಎಲ್ಲಿ ಉಕ್ಕಲಿಲ್ಲವೋ ಅಲ್ಲಿ ಪೊಳ್ಳಿದೆ. ಮೇಣ ಸವರಿದ 4 × 30 ಮಿ.ಮೀ. ಸ್ಕ್ರೂಗಳನ್ನು 200 ಮಿ.ಮೀ.ಗೊಂದರಂತೆ ಹಾಕಿ, ಹಲಗೆ ಕೂತಿತು ಎನ್ನುವಷ್ಟೇ ತಿರುಗಿಸಿ. ಜೋರಾಗಿ ಬಿಗಿದರೆ ಅಂಟೆಲ್ಲ ಹೊರಬಂದು ಜೋಡಣೆ ಬಡವಾಗುತ್ತದೆ. ಮರುದಿನ ಸ್ಕ್ರೂಗಳನ್ನು ಕಳಚಿ ತೂತು ತುಂಬಿ. ಹಟ ಹಿಡಿದ ಸ್ಕ್ರೂವಿನ ತಲೆಗೆ ಸೋಲ್ಡರಿಂಗ್ ಐರನ್ನಿನ ಬಿಸಿ ಮುಟ್ಟಿಸಿದರೆ ಬಿಡುತ್ತದೆ.

ಹಳೆಯ ಹೊದಿಕೆಯ ಅಂಚನ್ನು ಸುತ್ತಲೂ 50 ಮಿ.ಮೀ. ಅಗಲಕ್ಕೆ ಸೊನ್ನೆಯಾಗುವಂತೆ ಇಳಿಜಾರಾಗಿ ಗ್ರೈಂಡ್ ಮಾಡಿ. 2 ಮಿ.ಮೀ. ದಪ್ಪಕ್ಕೆ ಒಂದಕ್ಕೆ ಹನ್ನೆರಡರ ನಿಯಮದಂತೆ 24 ಸಾಕು, ಆದರೆ ಜಾಗ ಇದ್ದಾಗ ಜಿಪುಣತನ ಏಕೆ. ಮೊದಲ ಬಟ್ಟೆ 900 × 1100, ಎರಡನೆಯದು 850 × 1050 ಮಿ.ಮೀ. ದೊಡ್ಡದು ಮೊದಲೋ ಚಿಕ್ಕದು ಮೊದಲೋ ಎಂಬ ವಾದ ಮುಗಿಯುವಂಥದ್ದಲ್ಲ. ದೊಡ್ಡದನ್ನು ಕೆಳಗೆ ಹಾಕಿದರೆ ಕೊನೆಗೆ ಉಜ್ಜುವಾಗ ಉದ್ದ ಎಳೆ ಕತ್ತರಿಸುವುದಿಲ್ಲ ಎನ್ನುವುದೇ ಇಲ್ಲಿ ಅದನ್ನು ಆಯ್ದ ಕಾರಣ. ಮೊದಲು ನೆಲಕ್ಕೆ ಎಪಾಕ್ಸಿ, ಮೇಲೆ ಬಟ್ಟೆ, ಮೇಲಿಂದ ಮತ್ತೆ ಎಪಾಕ್ಸಿ, ನಡುವಿನಿಂದ ಅಂಚಿಗೆ ಗೀರುರೋಲರ್. ಬಿಳಿಯಾಗಿ ಉಳಿದದ್ದು ಒಣ ಎಳೆ, ರೆಸಿನ್ ಕೊಡಿ. ಹೊಳೆಹೊಳೆದು ಬಟ್ಟೆ ತೇಲುತ್ತಿದ್ದರೆ ಹೆಚ್ಚಾಗಿದೆ, ಪಟ್ಟಿಯಿಂದ ಎಳೆದು ತೆಗೆಯಿರಿ. ನೇಯ್ಗೆ ಮಂಜಾಗಿ ಕಾಣುವಷ್ಟು ಇದ್ದರೆ ಹದ. ಎರಡೂ ಪದರ ಹಸಿಯಲ್ಲೇ ಒಂದರ ಮೇಲೊಂದು ಹಾಕಿ, ಪೀಲ್‌ಪ್ಲೈ ಬಟ್ಟೆ ಮುಚ್ಚಿ ಬಿಡಿ. ಮರುದಿನ ಅದನ್ನು ಸುಲಿದರೆ ಮೇಣದ ಪೊರೆಯೂ ಅದರ ಜೊತೆ ಹೋಗುತ್ತದೆ.

ಇಪ್ಪತ್ತನಾಲ್ಕು ಗಂಟೆಗೆ ನಡೆದಾಡಬಹುದು, ಪೂರ್ಣ ಬಲಕ್ಕೆ ಒಂದು ವಾರ. ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಜೆಲ್‌ಕೋಟ್ (ಬಣ್ಣದ ಹೊರಲೇಪ) ನೆಚ್ಚುವಂಥದ್ದಲ್ಲ. ಎರಡು ಭಾಗದ ಪಾಲಿಯುರೆಥೇನ್ ಬಣ್ಣಕ್ಕೆ ಜಾರದ ಪುಡಿ ಬೆರೆಸಿ ಹಚ್ಚುವುದು ವಾಸಿ. ಹಳೆಯ ಕಾರ್ಪೆಟ್ಟನ್ನು ಮತ್ತೆ ಅಂಟಿಸಬೇಡಿ, ಅದು ಒದ್ದೆ ಬಟ್ಟೆ ಹೊದಿಸಿದಂತೆ.

ಸೀಟಿನ ಬುಡ, ಮತ್ತೆ ಅದೇ ತೂತುಗಳು

6 ಮಿ.ಮೀ. ಬೋಲ್ಟಿಗೆ 12 ಮಿ.ಮೀ. ತೂತು ಕೊರೆದು, ಕೆಳಗೆ ಟೇಪ್ ಹಚ್ಚಿ, ಒಳಗೋಡೆಗೆ ಬರಿ ಎಪಾಕ್ಸಿ ಸವರಿ, ಗಟ್ಟಿ ಎಪಾಕ್ಸಿ ತುಂಬಿ. ಕಟ್ಟಿದ ಮೇಲೆ ನಡುವೆ 6 ಮಿ.ಮೀ. ಕೊರೆಯಿರಿ. ಈಗ ಬೋಲ್ಟಿನ ಸುತ್ತ 3 ಮಿ.ಮೀ. ಎಪಾಕ್ಸಿಯ ಬಳೆ ಇದೆ, ಮೇಲಿನ ಸೀಲಂಟ್ ಸೋತರೂ ನೀರು ಮರ ಮುಟ್ಟುವುದಿಲ್ಲ. ಬುಡದಡಿಗೆ ಪಾಲಿಯುರೆಥೇನ್ ಸೀಲಂಟ್ ಇಲ್ಲವೇ ಬ್ಯುಟೈಲ್ ಟೇಪ್ ಹಾಕಿ. ಸೀಲಂಟ್ ಆದರೆ ಮೊದಲು ಹಗುರವಾಗಿ ಬಿಗಿದು, ಕಟ್ಟಿದ ಮೇಲೆ ಪೂರ್ತಿ ಬಿಗಿಯಿರಿ. ಒಂದೇ ಸಲ ಬಿಗಿದರೆ ಸೀಲಂಟೆಲ್ಲ ಹೊರಗೆ, ಲೋಹ ನೇರ ನೆಲದ ಮೇಲೆ.

ಸೀಟಿನ ಹಿಂದೆ, ಕೆಳಗೆ ನೀರು ಹಾಯುವ ಖಾನೆಯ ಮೇಲೆ, 125 ಅಥವಾ 150 ಮಿ.ಮೀ. ದುಂಡು ತಪಾಸಣೆ ಮುಚ್ಚಳವೊಂದನ್ನು ಇದೇ ರೀತಿ ಅಂಚು ಮುಚ್ಚಿ ಕೂರಿಸಿ. ಮಟ್ಟಗೋಲಿಟ್ಟು ಮೊದಲಿನಂತೆಯೇ ಅಳೆದು ಎದುರು ಬದಿಯ ಅಂಕಿಗೆ ಹೋಲಿಸಿ. ಆಮೇಲೆ ಬಣ್ಣ ಬೆರೆಸಿದ ಒಂದು ಬಕೆಟ್ ನೀರನ್ನು ಸೀಟಿನ ಬುಡದ ಸುತ್ತ ಸುರಿದು, ಅರ್ಧ ಗಂಟೆ ಬಿಟ್ಟು, ಮುಚ್ಚಳ ತಿರುಗಿಸಿ ಟಾರ್ಚ್ ಹಾಕಿ. ಪಿವಿಸಿ ಪೈಪಿನ ಬಾಯಲ್ಲಿ ಆ ಬಣ್ಣ ಕಂಡರೆ ಸೀಟನ್ನು ಮತ್ತೆ ಬಿಚ್ಚಬೇಕು.